ವಿಪತ್ತಿನ ಹಳೆಯ ಚಿತ್ರಕಾರ್ಡುಗಳು: ಆರಿಸುವುದು, ಪರೀಕ್ಷಿಸುವುದು, ಕಾಸರಗೋಡಿನ ಮಳೆಗಾಲ ದಾಟಿಸುವುದು

ಭೂಕಂಪದಲ್ಲಿ ಕುಸಿದ ಬೀದಿ, ನೆರೆನೀರಿನಲ್ಲಿ ನಿಂತ ಸೇತುವೆ, ಬೂದಿಯಡಿ ಹುಗಿದುಹೋದ ಪೇಟೆ. ಇಂಥ ಚಿತ್ರಕಾರ್ಡು ಕೈಗೆ ಬಂದಾಗ ಕಣ್ಣು ಮೊದಲು ಚಿತ್ರಕ್ಕೇ ಹೋಗುತ್ತದೆ. ಸಂಗ್ರಹಕ್ಕೆ ಇಳಿದವರು ಮಾತ್ರ ಕಾರ್ಡನ್ನು ಮೊದಲು ಮಗುಚಬೇಕು. ಅಂಚೆಮುದ್ರೆಯ ದಿನಾಂಕ, ಸ್ಟಾಂಪು, ಪ್ರಕಾಶಕರ ಹೆಸರು, ನಡುವೆ ಗೆರೆ ಇದೆಯೇ ಇಲ್ಲವೇ, ಬರೆದ ನಾಲ್ಕು ಸಾಲು: ಎದುರಿನ ಚಿತ್ರ ಯಾವ ಊರಿನದು, ಯಾವ ದಿನದ್ದು ಎಂಬುದಕ್ಕೆ ಸಾಕ್ಷಿ ಹೇಳುವುದು ಇವು. ಈ ಸಾಕ್ಷಿ ಗಟ್ಟಿಯಾಗಿದ್ದರೆ ಮೂಲೆ ಸವೆದ ಕಾರ್ಡಾದರೂ ಕೊಳ್ಳಿ. ಸಾಕ್ಷಿಯೇ ಇಲ್ಲದ ಕಾರ್ಡು ಎಷ್ಟು ಹೊಳೆಯುತ್ತಿದ್ದರೂ ಬಿಡಿ.

ನಮ್ಮ ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕೆಲಸ ಸೇರುತ್ತದೆ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿಯುವ ಕಾಸರಗೋಡಿನಲ್ಲಿ ಕಾರ್ಡು ಹುಡುಕುವುದಕ್ಕಿಂತ ಉಳಿಸುವುದೇ ಹೆಚ್ಚು ಕಷ್ಟ. ಹಾಗಾಗಿ ಈ ಬರಹದಲ್ಲಿ ತೇವದ ಮಾತು ತುಸು ಉದ್ದವಾಗಿಯೇ ಬರುತ್ತದೆ.

ಎಲ್ಲಿಂದ ಶುರು

ಜಗತ್ತಿನ ಎಲ್ಲ ವಿಪತ್ತುಗಳ ಕಾರ್ಡು ಬೇಕೆಂದು ಹೊರಟರೆ ಎರಡು ವರ್ಷದಲ್ಲಿ ಡಬ್ಬಿ ತುಂಬುತ್ತದೆ, ತಿಳಿವಳಿಕೆ ಬೆಳೆಯುವುದಿಲ್ಲ. ಒಂದು ಘಟನೆ, ಅಥವಾ ಒಂದೇ ಬಗೆಯ ವಿಪತ್ತು, ಅಥವಾ ಒಂದು ಸೀಮೆ ಎಂದು ಗಡಿ ಹಾಕಿಕೊಳ್ಳಿ. ಚಿತ್ರಕಾರ್ಡಿನ ಸುಗ್ಗಿಕಾಲ ಸುಮಾರು 1900ರಿಂದ 1914ರವರೆಗೆ. ಅದಕ್ಕಿಂತ ಹಿಂದಿನ ವಿಪತ್ತಿಗೆ ಆ ಕಾಲದ್ದೇ ಆದ ಚಿತ್ರಕಾರ್ಡು ಸಿಗುವುದು ತೀರಾ ಅಪರೂಪ. 1883ರ ಕ್ರಕಟೋವ ಸ್ಫೋಟದ್ದೆಂದು ಯಾರಾದರೂ ಚಿತ್ರಕಾರ್ಡು ತೋರಿಸಿದರೆ ಅದು ಬಹುಮಟ್ಟಿಗೆ ನಂತರ ಅಚ್ಚಾದದ್ದು.

ಕಲಿಯುವವರಿಗೆ ಎಲ್ಲಕ್ಕಿಂತ ಒಳ್ಳೆಯ ಪಾಠಶಾಲೆ 1910ರ ಪ್ಯಾರಿಸ್ ನೆರೆ. ಆ ಜನವರಿಯಲ್ಲಿ ಸೇನ್ ನದಿ ಉಕ್ಕಿ, 28ರಂದು ಆಸ್ಟರ್ಲಿಟ್ಜ್ ಸೇತುವೆಯ ಅಳತೆಗೋಲಿನಲ್ಲಿ 8.62 ಮೀಟರಿಗೆ ಮುಟ್ಟಿತು. ನೀರು ಏರುತ್ತಿದ್ದಂತೆ ಅಲ್ಲಿನ ಪ್ರಕಾಶಕರು ಕಾರ್ಡುಗಳನ್ನು ಅಚ್ಚು ಹಾಕಿ ಮಾರಿದರು. ಅವು ಇಂದಿಗೂ ಧಾರಾಳವಾಗಿ, ಕಡಿಮೆ ಬೆಲೆಗೆ ಸಿಗುತ್ತವೆ. ಎನ್‌ಡಿ, ಇಎಲ್‌ಡಿ ಎಂಬಂಥ ಪ್ರಕಾಶಕರ ಗುರುತು ಮತ್ತು ಸರಣಿ ಸಂಖ್ಯೆ ಅನೇಕ ಕಾರ್ಡುಗಳ ಮೇಲೇ ಇರುತ್ತದೆ. ಅಂಚೆಯಲ್ಲಿ ಹೋಗಿಬಂದ, 1910ರ ಜನವರಿಯಿಂದ ಮಾರ್ಚ್‌ವರೆಗಿನ ಮುದ್ರೆ ಬಿದ್ದ ಎಂಟು ಹತ್ತು ಕಾರ್ಡು ತರಿಸಿಕೊಂಡು ಭೂತಗನ್ನಡಿ ಹಿಡಿದು ಕೂತರೆ ಆ ಕಾಲದ ಕಾಗದ, ಅಚ್ಚು, ಶಾಯಿ ಎಲ್ಲವೂ ಕಣ್ಣಿಗೆ ಪರಿಚಯವಾಗುತ್ತವೆ. ದುಬಾರಿ ಕಾರ್ಡಿಗೆ ಕೈಹಾಕುವುದು ಆ ಬಳಿಕ.

ಹೊರದೇಶದ ಉಳಿದ ದೊಡ್ಡ ಘಟನೆಗಳೆಂದರೆ 1902ರ ಮೇ 8ರಂದು ಮಾರ್ಟಿನಿಕ್ ದ್ವೀಪದ ಸೇಂಟ್ ಪಿಯೆರ್ ಪಟ್ಟಣವನ್ನು ಅಳಿಸಿದ ಪೆಲೇ ಜ್ವಾಲಾಮುಖಿ, 1906ರ ಏಪ್ರಿಲ್ 18ರ ಸ್ಯಾನ್ ಫ್ರಾನ್ಸಿಸ್ಕೋ ಭೂಕಂಪ, 1908ರ ಡಿಸೆಂಬರ್ 28ರ ಇಟಲಿಯ ಮೆಸ್ಸೀನಾ ಭೂಕಂಪ, 1923ರ ಸೆಪ್ಟೆಂಬರ್ 1ರ ಜಪಾನಿನ ಕಾಂಟೋ ಭೂಕಂಪ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಒಂದು ವಿಶೇಷವಿದೆ: ಭೂಕಂಪದ ಬಳಿಕ ಕೆಲ ದಿನ ಅಂಚೆಯವರು ಸ್ಟಾಂಪಿಲ್ಲದ ಪತ್ರಗಳನ್ನೂ ಒಯ್ದು ಮುಟ್ಟಿಸಿದರು. ಆ ದಿನಗಳ ಮುದ್ರೆ ಇದ್ದು ಸ್ಟಾಂಪಿಲ್ಲದ ಕಾರ್ಡನ್ನು 'ಸ್ಟಾಂಪ್ ಕಿತ್ತದ್ದು' ಎಂದು ಬದಿಗಿಡುವ ಮುನ್ನ ಅಲ್ಲಿ ಅಂಟಿನ ಕಲೆ ಇದೆಯೇ ಎಂದು ನೋಡಿ.

ನಮ್ಮ ಉಪಖಂಡದ ನಾಲ್ಕು ಘಟನೆಗಳು

1905ರ ಏಪ್ರಿಲ್ 4ರ ಕಾಂಗ್ಡಾ ಭೂಕಂಪ. ಸುಮಾರು 20,000 ಜನ ಸತ್ತರು. ಕಾರ್ಡುಗಳಲ್ಲಿ ಹೆಚ್ಚಾಗಿ ಕಾಣುವುದು ಧರ್ಮಶಾಲಾ ಎಂಬ ಊರಿನ ದಂಡುಪ್ರದೇಶ, ಕುಸಿದ ಬಂಗಲೆಗಳು, ಕಾಂಗ್ಡಾದ ದೇವಸ್ಥಾನ. ಧರ್ಮಶಾಲಾದ ಸೇಂಟ್ ಜಾನ್ ಇಗರ್ಜಿಯ ಗಂಟೆಗೋಪುರ ಉರುಳಿ ಕಟ್ಟಡ ಉಳಿಯಿತು. ಗೋಪುರ ನೆಟ್ಟಗೆ ನಿಂತಿರುವ ಚಿತ್ರವಾದರೆ ಅದು ಭೂಕಂಪಕ್ಕೆ ಮೊದಲು ತೆಗೆದದ್ದು. ಹಿಂದಿನ ಚಿತ್ರವೂ ಸಂಗ್ರಹಕ್ಕೆ ಬೇಕಾದದ್ದೇ. ಮಾರುವವರು 'ಭೂಕಂಪದ್ದು' ಎಂದು ಅದಕ್ಕೆ ಬೆಲೆ ಏರಿಸದಿದ್ದರೆ ಸರಿ.

1908ರ ಸೆಪ್ಟೆಂಬರ್ 28ರ ಹೈದರಾಬಾದಿನ ಮೂಸಿ ನದಿಯ ನೆರೆ. ಸುಮಾರು 15,000 ಜೀವ ಹೋಯಿತೆಂದು ಲೆಕ್ಕ. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಕೊಚ್ಚಿಹೋಗಿ ಪುರಾನಾಪುಲ್ ಉಳಿಯಿತು. ಕನ್ನಡದವರಿಗೆ ಈ ಘಟನೆ ಇನ್ನೊಂದು ಕಾರಣಕ್ಕೂ ಹತ್ತಿರ: ನೆರೆ ತಡೆಯುವ ಯೋಜನೆಗೆ ನಿಜಾಮರ ಸರಕಾರ ಕರೆಸಿದ್ದು ವಿಶ್ವೇಶ್ವರಯ್ಯನವರನ್ನು; ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಬಂದದ್ದು ಆ ದಾರಿಯಲ್ಲಿ. ಮೂಸಿಯ ಕಾರ್ಡುಗಳಲ್ಲಿ ಸೇತುವೆಯ ಹೆಸರು ತಪ್ಪಾಗಿ ಅಚ್ಚಾಗಿರುವ ಸಾಧ್ಯತೆ ಇದ್ದೇ ಇದೆ. ಕಮಾನುಗಳನ್ನು ಎಣಿಸಿ, ಬೇರೆ ಚಿತ್ರಗಳ ಜತೆ ಹೋಲಿಸಿ ನೋಡಿದ ಮೇಲಷ್ಟೇ ಶೀರ್ಷಿಕೆಯನ್ನು ಒಪ್ಪಿ.

1934ರ ಜನವರಿ 15ರ ಬಿಹಾರ–ನೇಪಾಳ ಭೂಕಂಪ. ನಡೆದದ್ದು ಮಧ್ಯಾಹ್ನ. ಮುಂಗೇರ್, ಮುಜಫ್ಫರಪುರ, ಜಮಾಲ್‌ಪುರದ ಹೆಸರು ಶೀರ್ಷಿಕೆಯಲ್ಲಿ ಬರುತ್ತದೆ. ಮುಂಗೇರನ್ನು ಇಂಗ್ಲಿಷರು 'ಮೊಂಗೀರ್' ಎಂದು ಬರೆಯುತ್ತಿದ್ದುದರಿಂದ ಹುಡುಕುವಾಗ ಆ ಕಾಗುಣಿತವನ್ನೂ ಹಾಕಿ ನೋಡಿ.

1935ರ ಮೇ 31ರ ಬೆಳಗಿನ ಜಾವದ ಕ್ವೆಟ್ಟಾ ಭೂಕಂಪ. ಸತ್ತವರ ಲೆಕ್ಕ 30,000ದಿಂದ 60,000ದವರೆಗೆ ಹೋಗುತ್ತದೆ. ಊರನ್ನು ಸೈನ್ಯ ಸುತ್ತುವರಿದು ಹೊರಗಿನವರಿಗೆ ಪ್ರವೇಶ ತಡೆದಿತ್ತು. ಪರಿಹಾರ ಕೆಲಸಕ್ಕೆಂದು ಹೊರಟ ಕಾಂಗ್ರೆಸ್ ನಾಯಕರಿಗೂ ಅನುಮತಿ ಸಿಗಲಿಲ್ಲ. ಆದ್ದರಿಂದ ಕ್ವೆಟ್ಟಾ ಕಾರ್ಡುಗಳನ್ನು ನೋಡುವಾಗ ಕ್ಯಾಮೆರಾ ಯಾರ ಪಕ್ಕದಲ್ಲಿ ನಿಂತಿತ್ತು ಎಂದು ಕೇಳಿಕೊಳ್ಳಬೇಕು. ದಂಡಿನ ಬಿಳಿಯ ಸಿಪಾಯಿಗಳು ಕೊಂಡು ಇಂಗ್ಲೆಂಡಿಗೆ ಕಳಿಸಿದ ಫೋಟೋ ಕಾರ್ಡುಗಳು ಹೆಚ್ಚು. ಅವು ಈಗ ಬ್ರಿಟನ್ನಿನ ವ್ಯಾಪಾರಿಗಳಲ್ಲಿ ಸಿಗುತ್ತವೆ. ಕ್ವೆಟ್ಟಾದ ಬ್ರೂಸ್ ರಸ್ತೆಯ 'ಮೊದಲು' ಮತ್ತು 'ನಂತರ' ಎಂಬ ಜೋಡಿ ಸಿಕ್ಕರೆ ಬಿಡಬೇಡಿ. ಒಂದನ್ನೇ ಕೊಂಡು ಇನ್ನೊಂದಕ್ಕೆ ಕಾಯುವುದು ಬಹಳ ದೀರ್ಘ ಕೆಲಸ.

ಬೆನ್ನು ಓದುವ ಕ್ರಮ

ಮೊದಲ ಪ್ರಶ್ನೆ: ಬೆನ್ನಿನಲ್ಲಿ ನಡುಗೆರೆ ಇದೆಯೇ? ಆರಂಭದ ಕಾರ್ಡುಗಳಲ್ಲಿ ಬೆನ್ನು ಪೂರ್ತಿ ವಿಳಾಸಕ್ಕೇ ಮೀಸಲು, ಸಂದೇಶವನ್ನು ಚಿತ್ರದ ಅಂಚಿನಲ್ಲಿ ಬರೆಯಬೇಕಿತ್ತು. ಸಂದೇಶಕ್ಕೂ ವಿಳಾಸಕ್ಕೂ ಬೆನ್ನನ್ನು ಹಂಚಿದ್ದು ಬ್ರಿಟನ್ನಿನಲ್ಲಿ 1902, ಫ್ರಾನ್ಸಿನಲ್ಲಿ 1904, ಜರ್ಮನಿಯಲ್ಲಿ 1905, ಅಮೆರಿಕದಲ್ಲಿ 1907. ಪೆಲೇ ಸ್ಫೋಟದ ಫ್ರೆಂಚ್ ಕಾರ್ಡಿಗೆ ನಡುಗೆರೆ ಇದ್ದರೆ ಅದು 1902ರಲ್ಲಿ ಅಚ್ಚಾದದ್ದಲ್ಲ, ನಂತರದ ಮರುಅಚ್ಚು. ಹಳೆಯದೇ ಹೌದು, ಬೆಲೆ ಮಾತ್ರ ಅದಕ್ಕೆ ತಕ್ಕಂತೆ ಇಳಿಯಬೇಕು.

ಜಪಾನಿನ ಕಾರ್ಡು ಇನ್ನೂ ಖಚಿತವಾಗಿ ಕಾಲ ಹೇಳುತ್ತದೆ. 1907ರಿಂದ 1918ರವರೆಗೆ ಗೆರೆ ಮೂರನೇ ಒಂದು ಭಾಗದಲ್ಲಿ, 1918ರಿಂದ 1933ರವರೆಗೆ ಅರ್ಧದಲ್ಲಿ. 1933ರಿಂದ ಬೆನ್ನಿನ ಮೇಲ್ಗಡೆಯ ಶೀರ್ಷಿಕೆಯಲ್ಲಿ ಜಪಾನಿ 'ಕ' (か) ಅಕ್ಷರದ ಪಕ್ಕ ಎರಡು ಪುಟ್ಟ ಗೀಟು ಸೇರಿ ಅದು 'ಗ' (が) ಆಗುತ್ತದೆ. ಯುದ್ಧಕ್ಕೆ ಮೊದಲು ಆ ಶೀರ್ಷಿಕೆ ಬಲದಿಂದ ಎಡಕ್ಕೆ ಓದುವಂತಿತ್ತು. ಕಾಂಟೋ ಭೂಕಂಪದ ಕಾರ್ಡಿಗೆ ಅರ್ಧಗೆರೆ, ಗೀಟಿಲ್ಲದ 'ಕ' ಇರಬೇಕು. ಭಾಷೆ ಬಾರದಿದ್ದರೂ ಈ ಎರಡು ಗುರುತು ಸಾಕು. ಕಾಂಟೋ ಕಾರ್ಡುಗಳನ್ನು ಕಟ್ಟಾಗಿ ಕಾಗದದ ಲಕೋಟೆಯಲ್ಲಿಟ್ಟು ಮಾರುತ್ತಿದ್ದರು. ಲಕೋಟೆ ಸಮೇತ ಪೂರ್ತಿ ಕಟ್ಟು ಸಿಕ್ಕರೆ ಅದನ್ನು ಎಂದೂ ಬಿಡಿಬಿಡಿಯಾಗಿ ಮಾರಬೇಡಿ.

ಅಮೆರಿಕದ ಫೋಟೋ ಕಾರ್ಡುಗಳಲ್ಲಿ ಸ್ಟಾಂಪ್ ಹಚ್ಚುವ ಚೌಕ ನೋಡಿ. 'ಎ-ಝಡ್-ಓ' ಎಂಬ ಕಾಗದದ ಹೆಸರಿನ ಸುತ್ತ ನಾಲ್ಕು ತ್ರಿಕೋನಗಳೂ ಮೇಲ್ಮುಖವಾಗಿದ್ದರೆ 1904–1918; ಎರಡು ಮೇಲಕ್ಕೆ, ಎರಡು ಕೆಳಕ್ಕೆ ಇದ್ದರೆ 1918–1930. 1913ರ ಮಾರ್ಚಿನ ಡೇಟನ್ ನೆರೆಯ ಫೋಟೋ ಎರಡನೇ ಬಗೆಯ ಕಾಗದದಲ್ಲಿದ್ದರೆ ಅದು ನಂತರ ತೊಳೆದ ಪ್ರತಿ.

ಭಾರತದ ಕಾರ್ಡುಗಳಲ್ಲಿ ಸ್ಟಾಂಪಿನ ಮೇಲಿನ ದೊರೆಯ ಮುಖವೇ ಅರ್ಧ ಕೆಲಸ ಮಾಡುತ್ತದೆ: ಏಳನೇ ಎಡ್ವರ್ಡ್ 1902ರಿಂದ, ಐದನೇ ಜಾರ್ಜ್ 1911ರಿಂದ, ಆರನೇ ಜಾರ್ಜ್ 1937ರಿಂದ. ದೇಶದೊಳಗೆ ಕಾರ್ಡಿನ ದರ 1879ರಿಂದ 1922ರವರೆಗೆ ಕಾಲಾಣೆಯೇ ಇತ್ತು, ಆಮೇಲೆ ಅರ್ಧಾಣೆ ಆಯಿತು. ಇನ್ನೊಂದು ಸುಳಿವು 'ಜರ್ಮನಿಯಲ್ಲಿ ಮುದ್ರಿತ' ಅಥವಾ 'ಸ್ಯಾಕ್ಸನಿಯಲ್ಲಿ ಮುದ್ರಿತ' ಎಂಬ ಇಂಗ್ಲಿಷ್ ಸಾಲು. 1914ರಲ್ಲಿ ಯುದ್ಧ ಶುರುವಾಗುವವರೆಗೆ ಇಲ್ಲಿನ ಪ್ರಕಾಶಕರು ಬಹಳಷ್ಟು ಕಾರ್ಡುಗಳನ್ನು ಅಲ್ಲಿ ಅಚ್ಚು ಹಾಕಿಸುತ್ತಿದ್ದರು. ಮೂಸಿ ನೆರೆಗೆ ಈ ಸಾಲು ಹೊಂದುತ್ತದೆ. 1930ರ ದಶಕದ ಘಟನೆಯೊಂದರ ಕಾರ್ಡಿನಲ್ಲಿ ಕಂಡರೆ ಹಳೆಯ ಚಿತ್ರಕ್ಕೆ ಹೊಸ ಕತೆ ಅಂಟಿಸಿದ್ದಾರೆಂದು ಶಂಕಿಸಿ.

ಅಸಲಿಯೋ ನಕಲಿಯೋ

ಬೇಕಾದ ಸಾಮಾನು ನಾಲ್ಕೇ: ಮಿ.ಮೀ. ಗುರುತಿನ ಉಕ್ಕಿನ ಅಳತೆಪಟ್ಟಿ, 10 ಪಟ್ಟಿನ ಭೂತಗನ್ನಡಿ, ಸಾಮಾನ್ಯ ಟಾರ್ಚು, 365 ನ್ಯಾನೋಮೀಟರಿನ ಅಲ್ಟ್ರಾವಯೊಲೆಟ್ ಟಾರ್ಚು. ಅಗ್ಗಕ್ಕೆ ಸಿಗುವ 395ರ ಟಾರ್ಚು ಬೇಡ. ಅದು ಕಣ್ಣಿಗೆ ಕಾಣುವ ನೇರಳೆ ಬೆಳಕನ್ನೇ ಚೆಲ್ಲುವುದರಿಂದ ಎಲ್ಲ ಕಾಗದವೂ ಹೊಳೆದಂತೆ ತೋರಿ ದಾರಿ ತಪ್ಪಿಸುತ್ತದೆ.

ಮೊದಲು ಅಳೆಯಿರಿ. ಆ ಕಾಲದ ಕಾರ್ಡು ಸುಮಾರು 140 × 90 ಮಿ.ಮೀ. ಇರುತ್ತದೆ. 148 × 105 ಇದ್ದರೆ ಅದು ಈಚಿನ ಅಳತೆ. ಒಂದು ಬದಿ ಮಾತ್ರ ಎರಡು ಮೂರು ಮಿ.ಮೀ. ಕಡಿಮೆ ಇದ್ದರೆ ಹರಿದ ಅಂಚನ್ನು ಯಾರೋ ಕತ್ತರಿಸಿದ್ದಾರೆ.

ಆಮೇಲೆ ಭೂತಗನ್ನಡಿಯಲ್ಲಿ ಆಕಾಶದ ಭಾಗವನ್ನು ನೋಡಿ, ಅಲ್ಲೇ ಎಲ್ಲ ಗೊತ್ತಾಗುವುದು. ಸಾಲುಸಾಲು ಚುಕ್ಕಿ ಕಂಡರೆ ಹಾಫ್‌ಟೋನ್ ಅಚ್ಚು. ಕ್ರಮವಿಲ್ಲದ, ಸುಕ್ಕುಸುಕ್ಕಾದ ಸೂಕ್ಷ್ಮ ಹರಳಿನಂಥ ನೇಯ್ಗೆ ಕಂಡರೆ ಕೊಲೊಟೈಪ್. 1914ರ ಮೊದಲಿನ ಒಳ್ಳೆಯ ಕಾರ್ಡುಗಳಲ್ಲಿ ಇದು ಸಾಮಾನ್ಯ. ಚುಕ್ಕಿಯೂ ಇಲ್ಲ, ನೇಯ್ಗೆಯೂ ಇಲ್ಲ, ಬೂದುಬಣ್ಣ ಮಂದದಿಂದ ಗಾಢಕ್ಕೆ ನಯವಾಗಿ ಹರಿದಿದೆ ಎಂದರೆ ನಿಜವಾದ ಫೋಟೋ ಕಾರ್ಡು. ಬಿಡಿಬಿಡಿ ಬಣ್ಣದ ಸಿಂಪರಣೆ ಕಂಡರೆ ಕಂಪ್ಯೂಟರ್ ಪ್ರಿಂಟರಿನ ಕೆಲಸ, ಅಲ್ಲಿಗೇ ಮಾತು ಮುಗಿಯಿತು.

ಫೋಟೋ ಕಾರ್ಡನ್ನು ಓರೆಯಾಗಿ ಹಿಡಿದು ಟಾರ್ಚನ್ನು ಬದಿಯಿಂದ ಬಿಡಿ. ಹಳೆಯ ಬೆಳ್ಳಿ-ಜೆಲಾಟಿನ್ ಫೋಟೋದಲ್ಲಿ, ವಿಶೇಷವಾಗಿ ಅಂಚಿನ ಕಪ್ಪು ಭಾಗಗಳಲ್ಲಿ, ನೀಲಿ ಛಾಯೆಯ ಲೋಹದ ಹೊಳಪು ಮೇಲೆದ್ದಿರುತ್ತದೆ. ಇದನ್ನು ಕೆಡುಕೆಂದು ತಿಳಿದು ಉಜ್ಜುವವರಿದ್ದಾರೆ. ಅದು ವಯಸ್ಸಿನ ಸಾಕ್ಷಿ, ಮುಟ್ಟಬಾರದು. ಅದೇ ಬೆಳಕಿನಲ್ಲಿ ಅಂಚೆಮುದ್ರೆ ಒತ್ತಿದ ಗುಳಿ, ಪೆನ್ನಿನ ಗೀರು, ಅಂಟಿಸಿ ಸರಿಮಾಡಿದ ಮೂಲೆ ಎಲ್ಲವೂ ಕಾಣುತ್ತವೆ.

ಕೊನೆಗೆ ಕತ್ತಲ ಕೋಣೆಯಲ್ಲಿ ಅಲ್ಟ್ರಾವಯೊಲೆಟ್ ಪರೀಕ್ಷೆ. ಸುಮಾರು 1950ರಿಂದೀಚಿನ ಕಾಗದಕ್ಕೆ ಬಿಳುಪು ಕೊಡುವ ರಾಸಾಯನಿಕ ಸೇರಿರುವುದರಿಂದ ಅದು ಉಜ್ವಲ ನೀಲಿ-ಬಿಳಿಯಾಗಿ ಬೆಳಗುತ್ತದೆ. ಹಳೆಯ ಕಾಗದ ಮಂಕಾಗಿ, ಹಳದಿಯಾಗಿ ಉಳಿಯುತ್ತದೆ. ಒಂದೇ ಜಾಗ ಬೆಳಗಿದರೆ ಗಾಬರಿ ಬೇಡ: ಬಟ್ಟೆ ಸೋಪಿನ ಪುಡಿ ತಾಗಿದ್ದರೂ, ಹೊಸ ಕಾಗದದಿಂದ ತೇಪೆ ಹಾಕಿದ್ದರೂ ಹೀಗಾಗುತ್ತದೆ. ಬೆಳಗದಿರುವುದು ಅಸಲಿಯೆಂಬ ಪೂರ್ಣ ಪುರಾವೆಯೂ ಅಲ್ಲ, ಹಳೆಯ ಖಾಲಿ ಕಾಗದದ ಮೇಲೆ ಹೊಸ ಅಚ್ಚು ಹಾಕಬಹುದು. ಹೀಗಾಗಿ ಅಳತೆ, ಅಚ್ಚು, ಬೆನ್ನು, ಬೆಳಕು ನಾಲ್ಕೂ ಒಂದೇ ಮಾತು ಹೇಳಬೇಕು.

ಕಾರ್ಡು ಅಸಲಿಯಾಗಿದ್ದು ಚಿತ್ರವೇ ಸುಳ್ಳಾಗಿರುವುದುಂಟು. ಕಾಂಟೋ ಮತ್ತು ಸ್ಯಾನ್ ಫ್ರಾನ್ಸಿಸ್ಕೋ ಕಾರ್ಡುಗಳಲ್ಲಿ ಹೊಗೆ, ಜ್ವಾಲೆಗಳನ್ನು ಕುಂಚದಿಂದ ಬಿಡಿಸಿ ಸೇರಿಸಿದವು ಇವೆ. ಹೊಗೆಯ ಅಂಚು ಕಟ್ಟಡದ ಮೇಲ್ಚಾವಣಿಗೆ ತಾಗುವಲ್ಲಿ ಭೂತಗನ್ನಡಿ ಇಡಿ: ಬಿಡಿಸಿದ ಹೊಗೆಗೆ ಕುಂಚದ ಜಾಡು ಇರುತ್ತದೆ, ಚಾವಣಿಯ ಮೇಲೆ ಅದರ ಬೆಳಕು ಬಿದ್ದಿರುವುದಿಲ್ಲ. ಇಂಥ ಕಾರ್ಡನ್ನು ಎಸೆಯಬೇಡಿ. ಸುದ್ದಿಯನ್ನು ಹೇಗೆ ಮಾರಿದರು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ನಿಮ್ಮ ಪಟ್ಟಿಯಲ್ಲಿ 'ತಿದ್ದಿದ ಚಿತ್ರ' ಎಂದು ಸ್ಪಷ್ಟವಾಗಿ ಬರೆಯಿರಿ.

ಮೆಸ್ಸೀನಾ, ಕಾಂಟೋ ಕಾರ್ಡುಗಳಲ್ಲಿ ಹೆಣಗಳ ಚಿತ್ರವೂ ಬರುತ್ತದೆ. ಇವನ್ನು ಕೊಳ್ಳಬೇಕೋ ಬೇಡವೋ ಎಂಬುದು ನಿಮ್ಮ ಮನಸ್ಸಿಗೆ ಬಿಟ್ಟದ್ದು. ಕೊಂಡರೆ ಪ್ರತ್ಯೇಕ ಲಕೋಟೆಯಲ್ಲಿಡಿ, ಮಕ್ಕಳ ಕೈಗೆ ಸಿಗುವ ಆಲ್ಬಮ್ಮಿನಲ್ಲಿ ಬೇಡ, ವಾಟ್ಸಾಪ್‌ನಲ್ಲಿ ಹಂಚುವುದಂತೂ ಬೇಡವೇ ಬೇಡ. ಆ ಚಿತ್ರದಲ್ಲಿರುವವರು ಯಾರದೋ ಮನೆಯವರು.

ಕಾಸರಗೋಡಿನ ಸುತ್ತ ಹುಡುಕುವುದು

ತೆಂಕಣ ಕರಾವಳಿಯಲ್ಲಿ ಎರಡು ನೆರೆಗಳ ನೆನಪು ಬೆನ್ನುಬೆನ್ನಿಗೆ ಇದೆ: ನೇತ್ರಾವತಿಯ 1923ರ ಮಾರಿ ಬೊಳ್ಳ (ತುಳುವಿನಲ್ಲಿ ಮಹಾನೆರೆ), ಮತ್ತು ಮಲಯಾಳ ವರ್ಷ 1099ರ ಕರ್ಕಾಟಕದಲ್ಲಿ, ಅಂದರೆ 1924ರ ಜುಲೈಯಲ್ಲಿ, ಕೇರಳವನ್ನು ಮುಳುಗಿಸಿದ 'ತೊಂಬತ್ತೊಂಬತ್ತರ ವೆಳ್ಳಪ್ಪೊಕ್ಕಂ'. ಅದೇ 1924ರಲ್ಲಿ ಕಾವೇರಿಯೂ ಉಕ್ಕಿತ್ತು. ನಮ್ಮ ಮನೆಗಳಲ್ಲಿ ಹುಡುಕಬೇಕಾದದ್ದು ಈ ನೆರೆಗಳ ಸುದ್ದಿ ಹೊತ್ತ ಸಾದಾ ಅರ್ಧಾಣೆ ಕಾರ್ಡು. ಚಿತ್ರವಿಲ್ಲದ ಈ ಕಾರ್ಡಿಗೆ ವ್ಯಾಪಾರಿಗಳು ಹೆಚ್ಚು ಬೆಲೆ ಕಟ್ಟುವುದಿಲ್ಲ. ಹೊಳೆಯ ನೀರು ಯಾವ ಮೆಟ್ಟಿಲಿಗೆ ಬಂತು, ಯಾವ ಗದ್ದೆ ಹೋಯಿತು, ಕಡವು ಎಷ್ಟು ದಿನ ನಿಂತಿತು ಎಂದು ಕಣ್ಣಾರೆ ಕಂಡವರು ಬರೆದ ಎರಡು ಸಾಲು ಸಿಕ್ಕರೆ ಅದು ಪ್ಯಾರಿಸ್ಸಿನ ಐವತ್ತು ಕಾರ್ಡುಗಳಿಗಿಂತ ದೊಡ್ಡದು.

ಓದುವ ಕ್ರಮ ಹೀಗೆ. 'ಉ|| ಕು|| ಸಾಂಪ್ರತ' ಎಂದು ಶುರುವಾಗುವ ಕ್ಷೇಮಸಮಾಚಾರದ ಸಾಲುಗಳನ್ನು ದಾಟಿ ಹೋಗಿ, ಸುದ್ದಿ ಸಾಮಾನ್ಯವಾಗಿ ಕೆಳಗಿನ ಅರ್ಧದಲ್ಲಿ, ಇಕ್ಕಟ್ಟಿನ ಅಕ್ಷರದಲ್ಲಿ ಅಥವಾ ಅಂಚಿನಲ್ಲಿ ಅಡ್ಡವಾಗಿ ಬರೆದಿರುತ್ತದೆ. ಇಸವಿ ಬದಲು ಸಂವತ್ಸರದ ಹೆಸರಿರಬಹುದು: ರುಧಿರೋದ್ಗಾರಿ ಎಂದರೆ 1923–24, ರಕ್ತಾಕ್ಷಿ ಎಂದರೆ 1924–25. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುವುದರಿಂದ 1983–84 ಕೂಡ ರುಧಿರೋದ್ಗಾರಿಯೇ. ಸ್ಟಾಂಪಿನ ಜತೆ ಹೋಲಿಸದೆ ಇಸವಿ ಬರೆಯಬೇಡಿ. ವಿಳಾಸದಲ್ಲೂ ಕಾಲ ಅಡಗಿದೆ. ಕಾಸರಗೋಡು 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡದ ತಾಲೂಕು, ಆಮೇಲೆ ಕೇರಳ, ಜಿಲ್ಲೆಯಾದದ್ದು 1984ರಲ್ಲಿ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ರಂದು. ವಿಳಾಸದ ಕೊನೆಯಲ್ಲಿ 67ರಿಂದ ಶುರುವಾಗುವ ಆರು ಅಂಕಿ ಇದ್ದರೆ ಕಾರ್ಡು ಅದಕ್ಕೂ ಈಚಿನದು.

ಇಂಥ ಕಾರ್ಡುಗಳು ಕಡಿಮೆ ಉಳಿದಿರುವುದಕ್ಕೆ ಕಾರಣವೂ ಉಂಟು: ಸಾವಿನ ಸುದ್ದಿ ತಂದ ಕಾರ್ಡನ್ನು ಓದಿ ಹರಿದುಹಾಕುವ ರೂಢಿ. ಉಳಿದವುಗಳ ನಡುವೆ ತುಕ್ಕಿನ ತೂತು ಇರುತ್ತದೆ, ಯಾಕೆಂದರೆ ಬಂದ ಕಾಗದಗಳನ್ನೆಲ್ಲ ಕೊಕ್ಕೆತಂತಿಗೆ ಚುಚ್ಚಿ ತೂಗುಹಾಕುತ್ತಿದ್ದರು. ಆ ತೂತನ್ನು ಮುಚ್ಚಿಸಬೇಡಿ.

ಎಲ್ಲಿ ಕೇಳಬೇಕು? ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಹಳೆಯ ಮನೆಗಳ ಅಟ್ಟ ಖಾಲಿಮಾಡುವ ಸಮಯ ಬೇಸಗೆ. ಆಗ ಕಾಗದದ ಕಟ್ಟುಗಳು ಗುಜರಿಗೆ ಹೋಗುತ್ತವೆ. ಕಾಸರಗೋಡು, ಉಪ್ಪಳ, ಮಂಗಳೂರಿನ ಗುಜರಿಯವರಿಗೆ 'ಹಳೆ ಕಾರ್ಡು ಬಂದರೆ ಬೇರೆ ಇಡಿ' ಎಂದು ಮೊದಲೇ ಹೇಳಿಟ್ಟು, ತೂಕದ ದರಕ್ಕಿಂತ ಮೇಲೆ ಕೊಡಿ. ಮುಂಬಯಿ, ಬರ್ಮಾ, ಸಿಲೋನಿಗೆ ದುಡಿಯಲು ಹೋದವರಿದ್ದ ಮನೆಗಳಲ್ಲಿ ಚಿತ್ರಕಾರ್ಡು ಸಿಗುವ ಸಾಧ್ಯತೆ ಹೆಚ್ಚು. ಮಂಗಳೂರಿಗೆ 1878ರ ಕೊನೆಗೆ ಇಟಲಿಯ ಜೆಸ್ವಿಟ್ ಪಾದ್ರಿಗಳು ಬಂದರು. ಬಾಸೆಲ್ ಮಿಶನ್ನಿನವರು ಅದಕ್ಕೂ ಮೊದಲೇ ಬಂದಿದ್ದರು. ಹೀಗಾಗಿ ಬೇಳ, ಮಂಜೇಶ್ವರ, ಮಂಗಳೂರಿನ ಹಳೆಯ ಕ್ರೈಸ್ತ ಮನೆಗಳಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿಯ, ಮೆಸ್ಸೀನಾದ ಕಾರ್ಡು ಇದೆಯೇ ಎಂದು ಕೇಳುವುದರಲ್ಲಿ ಅರ್ಥವಿದೆ. ಮನೆಯವರು ಕಾರ್ಡು ಕೊಡಲು ಒಪ್ಪದಿದ್ದರೆ ಒತ್ತಾಯ ಬೇಡ, ಎರಡೂ ಬದಿ ಸ್ಕ್ಯಾನ್ ಮಾಡಿಕೊಳ್ಳಲು ಅನುಮತಿ ಕೇಳಿ.

ಆನ್‌ಲೈನಿನಲ್ಲಿ ಈಬೇ ಮತ್ತು ಡೆಲ್‌ಕಾಂಪ್ ಎರಡೂ ಉಪಯುಕ್ತ. ಯುರೋಪಿನ ಕಾರ್ಡಿಗೆ ಡೆಲ್‌ಕಾಂಪ್ ಮೇಲು. ಆಯಾ ಭಾಷೆಯ ಪದ ಹಾಕಿ ಹುಡುಕಿ: ಇಟಾಲಿಯನ್ ಭೂಕಂಪಕ್ಕೆ 'ತೆರ್ರೆಮೋತೊ', ಫ್ರೆಂಚ್ ನೆರೆಗೆ 'ಇನೊಂದಾಸ್ಯೋಂ' ಅಥವಾ 'ಕ್ರ್ಯೂ'. ಹಣ ಕಳಿಸುವ ಮೊದಲು ಎರಡೂ ಬದಿಯ ಸ್ಕ್ಯಾನ್, ಮಿ.ಮೀ. ಅಳತೆ, ಬದಿಬೆಳಕಿನ ಒಂದು ಚಿತ್ರ ಕೇಳಿ. ಬೆನ್ನು ತೋರಿಸಲು ಹಿಂಜರಿಯುವವರಿಂದ ಕೊಳ್ಳಬೇಡಿ. ವಿದೇಶದಿಂದ ತರಿಸಿದರೆ ಸುಂಕ ಬೀಳಬಹುದು, ಹತ್ತು ಕಾರ್ಡು ಒಟ್ಟಿಗೆ ತರಿಸುವುದು ಲೇಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತರಿಸುವುದಾದರೆ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು, ಎರಡು ಗಟ್ಟಿ ರಟ್ಟಿನ ನಡುವೆ ಕಳಿಸಲು ಹೇಳಿ. ದೇಶದಿಂದ ಹೊರಗೆ ಮಾರುವ ವಿಚಾರ ಬೇರೆ. 1972ರ ಪುರಾತನ ವಸ್ತುಗಳ ಕಾಯ್ದೆ 100 ವರ್ಷ ದಾಟಿದ ಕಲಾವಸ್ತುಗಳಿಗೂ 75 ವರ್ಷ ದಾಟಿದ ಐತಿಹಾಸಿಕ ದಾಖಲೆಗಳಿಗೂ ಅನ್ವಯಿಸುತ್ತದೆ. ಕಳಿಸುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

ಆಟಿಯ ತೇವದಿಂದ ಉಳಿಸುವುದು

ಕಾಗದಕ್ಕೆ ಹಿತವಾದ ಆರ್ದ್ರತೆ 35ರಿಂದ 50 ಶೇಕಡಾ. ಜುಲೈ–ಆಗಸ್ಟ್‌ನ ತುಳು ತಿಂಗಳಾದ ಆಟಿಯಲ್ಲಿ ನಮ್ಮ ಮನೆಯೊಳಗೆ ಅದು ದಿನಗಟ್ಟಲೆ 85ರ ಮೇಲಿರುತ್ತದೆ. 65 ದಾಟಿದರೆ ಬೂಷ್ಟು ಹಿಡಿಯುವ ಅಪಾಯ ಶುರು. ಕೋಣೆಯನ್ನು ಒಣಗಿಸಿಡಲು ಹೋದರೆ ಕರೆಂಟು ಬಿಲ್ಲು ತಾಳದು, ಡಬ್ಬಿಯೊಳಗಿನ ಗಾಳಿಯನ್ನು ಒಣಗಿಸಿದರೆ ಸಾಕು.

ಪ್ರತಿ ಕಾರ್ಡಿಗೂ ಪಾಲಿಪ್ರೊಪಿಲೀನ್ ಅಥವಾ ಪಾಲಿಯೆಸ್ಟರ್ ಚೀಲ. ಪಿವಿಸಿ ಕೂಡದು: ಅದು ಆಮ್ಲ ಬಿಡುತ್ತದೆ, ಸೆಕೆಗೆ ಮೃದುವಾಗಿ ಫೋಟೋ ಮೇಲ್ಮೈಗೆ ಅಂಟುತ್ತದೆ. ಹೊಸ ರೈನ್‌ಕೋಟಿನ ವಾಸನೆ ಬರುವ ಚೀಲ ಪಿವಿಸಿ ಎಂದು ತಿಳಿಯಿರಿ. ಸ್ಟುಡಿಯೋದವರು ಲ್ಯಾಮಿನೇಷನ್ ಮಾಡಿಕೊಡುತ್ತೇವೆ ಎಂದರೆ ಒಪ್ಪಬೇಡಿ. ಒಮ್ಮೆ ಮಾಡಿಸಿದರೆ ಮತ್ತೆ ಬಿಡಿಸಲಾಗದು.

ಡಬ್ಬಿ ರಬ್ಬರ್ ಅಂಚಿನ, ಗಾಳಿಯಾಡದ 10 ಲೀಟರಿನದು ಸಾಕು. ತಳದಲ್ಲಿ ತ್ರಿಕೋನದೊಳಗೆ 5 ಎಂಬ ಅಂಕಿ (ಪಾಲಿಪ್ರೊಪಿಲೀನ್‌ನ ಗುರುತು) ಇರುವುದನ್ನು ನೋಡಿ ಕೊಳ್ಳಿ. 500 ಕಾರ್ಡು ನಿಲ್ಲಿಸಿಟ್ಟರೂ ಬೆರಳು ಆಡುವಷ್ಟು ಜಾಗ ಉಳಿಯಬೇಕು. ಇನ್ನು ತೇವ ಹೀರುವ ಹರಳು, ಸಿಲಿಕಾ ಜೆಲ್, ಅದರ ಲೆಕ್ಕ. ಒಂದು ಕಾರ್ಡು ಸುಮಾರು 3 ಗ್ರಾಂ, ನಡುವಿನ ರಟ್ಟು ಸೇರಿ 500 ಕಾರ್ಡಿಗೆ 2 ಕಿಲೋ ಕಾಗದ. ಮಳೆಗಾಲದಲ್ಲಿ ತೇವ ಕುಡಿದ ಕಾಗದವನ್ನು 50 ಶೇಕಡಾ ಆರ್ದ್ರತೆಗೆ ತರಲು ಅದರ ತೂಕದ ಸುಮಾರು 4 ಶೇಕಡಾ ನೀರು, ಎಂದರೆ 80 ಗ್ರಾಂ, ಹೊರಬರಬೇಕು. ಜೆಲ್ ಈ ಮಟ್ಟದಲ್ಲಿ ತನ್ನ ತೂಕದ ಕಾಲುಭಾಗದಷ್ಟು ನೀರು ಹಿಡಿಯುತ್ತದೆ. ಹಾಗಾಗಿ 320 ಗ್ರಾಂ ಬೇಕು. ಔಷಧಿ ಡಬ್ಬಿಯಲ್ಲಿ ಬರುವ 1 ಗ್ರಾಮಿನ ಪುಟ್ಟ ಪೊಟ್ಟಣ ಹತ್ತಿಪ್ಪತ್ತು ಹಾಕಿ ಏನೂ ಆಗಲಿಲ್ಲ ಎನ್ನುವವರಿಗೆ ಉತ್ತರ ಈ ಲೆಕ್ಕದಲ್ಲಿದೆ.

ಬಣ್ಣ ಬದಲಿಸುವ ಜೆಲ್‌ನಲ್ಲಿ ಕಿತ್ತಳೆಯದನ್ನು ಕೊಳ್ಳಿ. ನೀಲಿಯದರಲ್ಲಿ ಕೋಬಾಲ್ಟ್ ಕ್ಲೋರೈಡ್ ಎಂಬ ವಿಷಕಾರಿ ಲವಣವಿದೆ. ತೆಳು ಬಟ್ಟೆಯ ಚೀಲದಲ್ಲಿ ಹಾಕಿ, ಕಾರ್ಡಿಗೆ ತಾಗದಂತೆ ಮೂಲೆಯಲ್ಲಿಡಿ. ಬಣ್ಣ ಹಸುರಿಗೆ ತಿರುಗಿದಾಗ ತಟ್ಟೆಯಲ್ಲಿ ಹರಡಿ ಒವನ್‌ನಲ್ಲಿ 110–120 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಒಣಗಿಸಿ. ಅದಕ್ಕಿಂತ ಬಿಸಿಯಾದರೆ ಬಣ್ಣ ಸುಟ್ಟು ಸೂಚನೆ ಕೊಡುವುದನ್ನೇ ನಿಲ್ಲಿಸುತ್ತದೆ. ಮುಚ್ಚಿದ ಪಾತ್ರೆಯಲ್ಲಿ ತಣಿಸಿದ ಮೇಲೆ ಮರಳಿ ಡಬ್ಬಿಗೆ ಹಾಕಿ.

ಒಳಗೊಂದು ಚಿಕ್ಕ ಡಿಜಿಟಲ್ ಹೈಗ್ರೋಮೀಟರ್ (ಆರ್ದ್ರತೆ ಅಳೆಯುವ ಮೀಟರು) ಬೇಕು. ಅದನ್ನು ನಂಬುವ ಮೊದಲು ಉಪ್ಪಿನ ಪರೀಕ್ಷೆ ಮಾಡಿ: ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ನೀರಾಗದಷ್ಟು ಒದ್ದೆ ಮಾಡಿ, ಮೀಟರಿನ ಜತೆ ಪುಟ್ಟ ಡಬ್ಬಿಯಲ್ಲಿ 12 ಗಂಟೆ ಮುಚ್ಚಿಡಿ. 75 ತೋರಿಸಬೇಕು. 80 ತೋರಿಸಿದರೆ ಮುಂದೆಲ್ಲ 5 ಕಳೆದು ಓದಿ. ಡಬ್ಬಿಯಲ್ಲಿ 45ರಿಂದ 50 ಇದ್ದರೆ ಒಳ್ಳೆಯದು. 35ಕ್ಕಿಂತ ಕೆಳಗಿಳಿದರೆ ಅರ್ಧ ಜೆಲ್ ತೆಗೆಯಿರಿ, ಅತಿಯಾಗಿ ಒಣಗಿದರೆ ಫೋಟೋ ಕಾರ್ಡಿನ ಜೆಲಾಟಿನ್ ಪದರ ಬಿಗಿದು ಕಾರ್ಡು ಸುರುಳುತ್ತದೆ, ಬಿರಿಯುತ್ತದೆ.

ಡಬ್ಬಿ ತುಂಬುವ ಕೆಲಸವನ್ನು ಜನವರಿ, ಫೆಬ್ರವರಿಯ ಒಣ ಮಧ್ಯಾಹ್ನಗಳಲ್ಲಿ ಮುಗಿಸಿ. ಜೂನ್ ಬಂದ ಮೇಲೆ ಮತ್ತೆ ಮತ್ತೆ ತೆರೆಯಬೇಡಿ. ನೋಡಬೇಕೆನಿಸಿದರೆ ಸ್ಕ್ಯಾನ್ ನೋಡಿ. ಕಪಾಟನ್ನು ಮಳೆ ಬಡಿಯುವ ಪಡುವಣ ಗೋಡೆಗೆ ಆನಿಸಬೇಡಿ. ಮುರಕಲ್ಲಿನ ಗೋಡೆ ನೀರು ಹೀರಿ ಒಳಗೆ ಬಿಡುತ್ತದೆ. ಯಾವ ಗೋಡೆಯಿಂದಲೂ ಅರ್ಧ ಅಡಿ ದೂರ, ನೆಲದಿಂದ ನಾಲ್ಕು ಇಂಚು ಮೇಲಿರಲಿ. ಹಂಚಿನ ಮಾಡಿನ ಅಟ್ಟ ಏಪ್ರಿಲ್‌ನಲ್ಲಿ ಕಾದು ಕಾಗದವನ್ನು ಹುರಿಯುತ್ತದೆ, ಅಲ್ಲಿ ಬೇಡ.

ಬೂಷ್ಟು ಹಿಡಿದ ಕಾರ್ಡು ಬಂದರೆ ಮೊದಲು ಬೇರ್ಪಡಿಸಿ. ಜೆಲ್ ಇರುವ ಪ್ರತ್ಯೇಕ ಡಬ್ಬಿಯಲ್ಲಿ ಒಂದು ವಾರ ಒಣಗಿಸಿ. ಬೂಷ್ಟು ಒಣಗಿ ಪುಡಿಯಾದ ಮೇಲೆ, ಎನ್-95 ಮುಖಗವಸು ಹಾಕಿಕೊಂಡು, ಅಂಗಳದಲ್ಲಿ ಮೆತ್ತನೆ ಕುಂಚದಿಂದ ಹೊರಮುಖವಾಗಿ ಸವರಿ. ಒದ್ದೆ ಬಟ್ಟೆ ತಾಗಿಸಿದರೆ ಜೆಲಾಟಿನ್ ಕಿತ್ತು ಬರುತ್ತದೆ. ಸಂದೇಶ ಕಾಪಿಯಿಂಗ್ ಪೆನ್ಸಿಲಿನದ್ದಾದರೆ ಒಂದು ಹನಿಗೇ ನೇರಳೆಯಾಗಿ ಹರಡುತ್ತದೆ. ಬೆಳ್ಳಿಹುಳು, ಒರಲೆಯ ಅನುಮಾನವಿದ್ದರೆ ಜಿಪ್ ಚೀಲದಲ್ಲಿ ಗಾಳಿ ತೆಗೆದು ಬಿಗಿದು ಫ್ರೀಜರಿನಲ್ಲಿ ಮೈನಸ್ 18ರಲ್ಲಿ ಎರಡು ವಾರ ಇಡಿ. ಹೊರತೆಗೆದ ಮೇಲೆ 24 ಗಂಟೆ ಚೀಲ ಬಿಚ್ಚಬೇಡಿ, ಬೇಗ ಬಿಚ್ಚಿದರೆ ಕಾರ್ಡಿನ ಮೇಲೆಯೇ ನೀರು ಕಟ್ಟುತ್ತದೆ. ನುಸಿಗುಳಿಗೆ ಹಾಕುವ ಅಭ್ಯಾಸ ಬಿಡಿ. ಅದು ಕೆಲವು ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡುತ್ತದೆ, ವಾಸನೆ ಕಾಗದಕ್ಕೆ ಹಿಡಿಯುತ್ತದೆ.

ದಾಖಲೆ ಮತ್ತು ಪ್ರದರ್ಶನ

ಎರಡೂ ಬದಿಯನ್ನು 600 ಡಿಪಿಐಯಲ್ಲಿ, ಫೋಟೋ ಕಾರ್ಡಾದರೆ 1,200ರಲ್ಲಿ, ಟಿಫ್ ಕಡತವಾಗಿ ಸ್ಕ್ಯಾನ್ ಮಾಡಿ. ಅಂಗಡಿ ಫಲಕದ ಅಕ್ಷರ ಓದಲು ಸಿಕ್ಕಿದರೆ ಬೀದಿಯೇ ಗೊತ್ತಾಗುತ್ತದೆ. ಸ್ಕ್ಯಾನರಿನ 'ಆಟೋ' ತಿದ್ದುಪಡಿ ನಿಲ್ಲಿಸಿಡಿ. ಕಡತದ ಹೆಸರು ಇಸವಿ, ಊರು, ಘಟನೆ, ಕ್ರಮಸಂಖ್ಯೆ: '1908-ಹೈದರಾಬಾದ್-ನೆರೆ-007-ಬೆನ್ನು' ಎಂಬಂತೆ. ಪಟ್ಟಿಯಲ್ಲಿ ಘಟನೆಯ ದಿನ, ಅಂಚೆಮುದ್ರೆಯ ದಿನ, ಅಚ್ಚಿನ ಬಗೆ, ಪ್ರಕಾಶಕರು, ಸಂದೇಶದ ಪೂರ್ತಿ ಪಠ್ಯ, ಎಲ್ಲಿಂದ ಬಂತು ಎಂಬುದು ಬೇಕು. ಘಟನೆಯ ದಿನಕ್ಕೂ ಮುದ್ರೆಯ ದಿನಕ್ಕೂ ನಡುವಿನ ಅಂತರವನ್ನು ಬೇರೆ ಅಂಕಣದಲ್ಲಿ ಬರೆಯಿರಿ. ವಾರದೊಳಗಿನವು ನಿಮ್ಮ ಸಂಗ್ರಹದ ಜೀವಾಳ. ಕಾರ್ಡಿನ ಮೇಲೆ ಏನೂ ಬರೆಯಬೇಡಿ. ಸಂಖ್ಯೆ ಚೀಲದ ಮೇಲಿರಲಿ.

ಅಂಚೆ ಇಲಾಖೆಯ ಕರ್ನಾಪೆಕ್ಸ್, ಕೇರಾಪೆಕ್ಸ್‌ನಂಥ ಪ್ರದರ್ಶನಗಳಲ್ಲಿ ಒಂದು ಚೌಕಟ್ಟಿಗೆ 16 ಎ4 ಹಾಳೆಗಳು ಹಿಡಿಸುತ್ತವೆ. ಹಾಳೆಗೆ ಎರಡು ಕಾರ್ಡು, ಬೆನ್ನಿನ ಸಣ್ಣ ಪ್ರತಿ, ಮೂರು ಸಾಲು ವಿವರಣೆ ಸಾಕು. ಕಾರ್ಡನ್ನು ಅಂಟಿಸದೆ ಪಾಲಿಯೆಸ್ಟರ್ ಮೂಲೆಗಳಲ್ಲಿ ಸಿಕ್ಕಿಸಿ. ಪ್ರದರ್ಶನದಿಂದ ಮರಳಿದ ಹಾಳೆಗಳನ್ನು ನೇರವಾಗಿ ಹಳೆಯ ಡಬ್ಬಿಗೆ ಸೇರಿಸಬೇಡಿ. ಹುಳವೋ ಬೂಷ್ಟೋ ಜತೆಗೆ ಬಂದಿದ್ದರೆ ಗೊತ್ತಾಗಲು ಎರಡು ವಾರ ಬೇಕು, ಅಷ್ಟು ದಿನ ಅವಕ್ಕೆ ಬೇರೆಯೇ ಡಬ್ಬಿ ಇರಲಿ.